ದಯವಿಟ್ಟು ಬಾಗಿಲು ಬಡಿಯಬೇಡಿ

ಕಳೆದ ಯುಗಾದಿಯ ದಿನ ನಮ್ಮ ಮನೆಗೆ ಬಂದ ಸಂಘದ ಗೆಳತಿಯೊಬ್ಬರು ಸಲುಗೆಯಿಂದ ಬಾಗಿಲನ್ನು ದಡದಡನೆ ಬಡಿದರು. ಒಳಗೆ ಹೋಳಿಗೆ ಲಟ್ಟಿಸುತ್ತಿದ್ದ ನನ್ನ ನಾದಿನಿ ಲಟ್ಟಣಿಗೆ ಬಿಟ್ಟು ಗೋಡೆಗೆ ಒರಗಿ ನಿಂತಳು. ಮುಖ ಬಿಳಿಚಿಕೊಂಡಿತ್ತು. ಬಂದವರಿಗೆ ಏನೂ ತಿಳಿಯದೆ ಬೇಸರವಾಯಿತು. ಅದರ ಕಾರಣ ಹೇಳಲೆಂದೇ ಈ ನಾಲ್ಕು ಮಾತು. ನಾದಿನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವಳು ನರ್ಸ್. ಮಸ್ಕತ್ತಿಗೆ ಬರುವ ಮೊದಲು ನಮ್ಮ ನೆರೆಯ ಯೆಮೆನ್‌ನ ಏಡನ್‌ನಲ್ಲಿದ್ದಳು. 2015ರ ಮಾರ್ಚ್ ಕೊನೆಯ ವಾರ ಹೂತಿಗಳೂ ಮಾಜಿ ಅಧ್ಯಕ್ಷ ಸಾಲೇಹ್ ಕಡೆಯ ಸೈನಿಕರೂ ಏಡನ್ ಹೊಕ್ಕರು. ಊರಿನ ಹುಡುಗರೇ ಬಂದೂಕು ಹಿಡಿದು ಎದುರು ನಿಂತರು. ಮೇಲಿನಿಂದ ಸೌದಿ ನೇತೃತ್ವದ ಒಕ್ಕೂಟದ ಬಾಂಬು.

ನಾವು ಯಕ್ಷಗಾನದಲ್ಲಿ ಕಂಡ ಯುದ್ಧ ಊರಾಚೆಯ ಬಯಲಿನದು. ಸೂರ್ಯ ಮುಳುಗಿದರೆ ಇಬ್ಬರೂ ಬಿಡಾರಕ್ಕೆ. ಏಡನ್‌ನ ಕ್ರೇಟರ್ ಬಡಾವಣೆ ಇರುವುದು ಆರಿದ ಜ್ವಾಲಾಮುಖಿಯ ಬಾಯೊಳಗೆ. ಒತ್ತೊತ್ತಾದ ಮನೆಗಳು. ಮಹಡಿ ಮೇಲೆ ಒಬ್ಬ ಬಂದೂಕುಧಾರಿ ಹತ್ತಿ ಕೂತರೆ ಸಾಕು, ಕೆಳಗೆ ಅನ್ನ ಬೇಯಿಸುತ್ತಿರುವ ಮನೆಯೂ ಗುರಿಯಾಗುತ್ತದೆ. ನಲ್ಲಿಯಲ್ಲಿ ನೀರಿಲ್ಲ, ಕರೆಂಟಿಲ್ಲ, ಅಂಗಡಿಗೆ ಹೋಗಲು ರಸ್ತೆ ದಾಟುವಂತಿಲ್ಲ.

ಒಂದು ರಾತ್ರಿ ನರ್ಸ್‌ಗಳಿದ್ದ ಕೋಣೆಯ ಬಾಗಿಲನ್ನು ಯಾರೋ ಬಡಿದರು. ನಾಲ್ವರೂ ಕಪಾಟನ್ನು ಬಾಗಿಲಿಗೆ ಅಡ್ಡ ಎಳೆದು ಉಸಿರು ಹಿಡಿದು ಕೂತರು. ಬಡಿತ ಮೆಲ್ಲಗಾಯಿತು, ನಿಂತಿತು. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ರಕ್ತ. ಬಂದವನು ಕೊಲ್ಲಲು ಬಂದವನೋ, ಗಾಯಕ್ಕೆ ಮದ್ದು ಕೇಳಲು ಬಂದವನೋ? ನರ್ಸ್ ಆದವಳಿಗೆ ಆ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ.

ಮಾರ್ಚ್ 31ರ ರಾತ್ರಿ ನೌಕಾಪಡೆಯ ಐಎನ್‌ಎಸ್ ಸುಮಿತ್ರಾ 349 ಜನರನ್ನು ಏಡನ್‌ನಿಂದ ಜಿಬೂಟಿಗೆ ಸಾಗಿಸಿತು. ಅವರಲ್ಲಿ ಇವಳೂ ಒಬ್ಬಳು. ಅಲ್ಲಿಂದ ವಾಯುಪಡೆಯ ವಿಮಾನದಲ್ಲಿ ತಾಯ್ನಾಡು. 'ಆಪರೇಷನ್ ರಾಹತ್' ಎಂಬ ಆ ಕಾರ್ಯಾಚರಣೆಯಲ್ಲಿ 4,600ಕ್ಕೂ ಹೆಚ್ಚು ಭಾರತೀಯರು ಪಾರಾಗಿ ಬಂದರು.

ಆ ವರ್ಷ ರಜೆಯಲ್ಲಿ ಪುತ್ತೂರಿನಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶ. ಊಟವಾದ ಮೇಲೆ ಜಗಲಿಯಲ್ಲಿ ನಾದಿನಿ ಈ ಕಥೆ ಹೇಳಿದಳು. ಸೈನ್ಯದಲ್ಲಿ ಹವಾಲ್ದಾರರಾಗಿದ್ದ ನನ್ನ ಸೋದರಮಾವ ಎದ್ದು ಅಂಗಳಕ್ಕೆ ಹೋದರು. 1987ರ ಅಕ್ಟೋಬರ್‌ನಲ್ಲಿ ಶಾಂತಿಪಾಲನಾ ಪಡೆಯೊಂದಿಗೆ ಜಾಫ್ನಾದ ಗಲ್ಲಿಗಳಲ್ಲಿ ಕಾದಿದವರು. ಶ್ರೀಲಂಕಾದಲ್ಲಿ ನಮ್ಮ ಸುಮಾರು 1,200 ಯೋಧರು ಮಡಿದರು. ಅದೇ ಅಕ್ಟೋಬರ್ 21ರಂದು ನಮ್ಮ ಪಡೆ ಜಾಫ್ನಾ ಆಸ್ಪತ್ರೆಯನ್ನು ಹೊಕ್ಕಾಗ ವೈದ್ಯರು, ನರ್ಸ್‌ಗಳು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಮಾವ ಆ ದಿನಗಳ ಬಗ್ಗೆ ಮನೆಯಲ್ಲಿ ಮಾತಾಡಿದ್ದೇ ಇಲ್ಲ.

ಸ್ವಲ್ಪ ಹೊತ್ತಿಗೆ ಬಂದು ಅವಳ ಪಕ್ಕ ಕೂತರು. "ನೀನು ತೆರೆಯಲಿಲ್ಲ ಮಗಳೇ, ನಾವು ಒಡೆದೆವು. ಬಾಗಿಲಿಗೆ ಬಾಂಬು ಕಟ್ಟಿರಬಹುದು, ಒಳಗೆ ಬಂದೂಕು ಇರಬಹುದು. ಹಿಂದಿನ ದಿನ ಹಾಗೇ ನನ್ನ ಜೊತೆಯವನು ಹೋಗಿದ್ದ. ಒಳಗೆ ನೋಡಿದರೆ ಒಬ್ಬಳು ಅಜ್ಜಿ, ದೇವರ ಪಟ ಎದೆಗೆ ಹಿಡಿದುಕೊಂಡು ಕೂತಿದ್ದಳು. ನನ್ನ ಬೆರಳು ಕುದುರೆಯ ಮೇಲಿತ್ತು. ಒತ್ತಲಿಲ್ಲ. ಪ್ರತಿ ಬಾಗಿಲಲ್ಲೂ ಹಾಗಾಗಲಿಲ್ಲ" ಎಂದರು. ಇಬ್ಬರೂ ಮುಂದೆ ಏನೂ ಹೇಳಲಿಲ್ಲ. ನಾನು ಕಾಫಿ ತಂದುಕೊಟ್ಟೆ.

ನಾದಿನಿ ಮತ್ತೆ ಕೊಲ್ಲಿಗೆ ಬರುತ್ತೇನೆಂದಾಗ ಒಮಾನ್ ಆದರೆ ಮಾತ್ರ ಎಂದಳು. ಜಿಸಿಸಿ ದೇಶಗಳಲ್ಲಿ ಆ ಯುದ್ಧಕ್ಕೆ ಸೇರದಿದ್ದುದು ಒಮಾನ್ ಒಂದೇ. 2016ರ ಅಕ್ಟೋಬರ್‌ನಲ್ಲಿ ಸನಾದ ಶೋಕಸಭೆಯೊಂದರ ಮೇಲೆ ಬಾಂಬು ಬಿದ್ದಾಗ ನೂರಕ್ಕೂ ಹೆಚ್ಚು ಗಾಯಾಳುಗಳನ್ನು ವಿಮಾನದಲ್ಲಿ ಚಿಕಿತ್ಸೆಗೆ ಕರೆತಂದ ದೇಶ ಇದು. ಅಂದರೆ, ಬಾಗಿಲು ತೆರೆದ ದೇಶ.

ನಮ್ಮ ಮನೆಯ ಬಾಗಿಲೂ ನಿಮಗೆ ಸದಾ ತೆರೆದಿದೆ. ಬರುವಾಗ ಕೆಳಗಿನಿಂದಲೇ ಒಮ್ಮೆ ಹೆಸರು ಹಿಡಿದು ಕೂಗಿ, ಸಾಕು. ಕನ್ನಡದ ದನಿ ಕೇಳಿದರೆ ಅವಳೇ ಬಂದು ಚಿಲಕ ತೆಗೆಯುತ್ತಾಳೆ.