ಹಿಮ ಕೇಳಿದವರಿಗೆ ಊಟಿ

ಕಳೆದ ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಆರೂವರೆಗೆ ನಮ್ಮ ಕಾರು ಮೈಸೂರು ಬಿಟ್ಟಿತು. ಮಗ ಓಡಿಸುತ್ತಿದ್ದ. ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ನಮ್ಮಾಕೆ, ಅವಳ ಆ ಬದಿಗೊಂದು ಈ ಬದಿಗೊಂದು ಮೊಮ್ಮಕ್ಕಳು. ನಂಜನಗೂಡು ದಾಟುವ ಮೊದಲೇ ಏಳು ವರ್ಷದ ಮೊಮ್ಮಗ ಕೇಳಿದ: "ತಾತ, ಊಟೀಲಿ ಹಿಮ ಬೀಳುತ್ತಾ?"

ನಾನು ಕಿಟಕಿಯ ಆಚೆ ನೋಡಿದೆ. ಮಕ್ಕಳಿಗೆ ನಾನು ಮಾತು ಕೊಟ್ಟಿದ್ದು ಮನಾಲಿಗೆ. ಹೊರಟಿದ್ದು ಊಟಿಗೆ. ಮೈಸೂರಿನವರಿಗೆ ಊಟಿ ಎಂದರೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲುಪುವ ಊರು. ಅಷ್ಟು ಹತ್ತಿರದ ಊರಿಗೆ ನಾನು ಎರಡು ವರ್ಷ ಕಾದು, ಹಲವು ಶುಲ್ಕ ಕಟ್ಟಿ ಹೊರಟಿದ್ದೆ.

ಇದು ಶುರುವಾಗಿದ್ದು 2009ರಲ್ಲಿ, ಬೆಂಗಳೂರಿನ ಒಂದು ಮಾಲ್‌ನಲ್ಲಿ. ನಮ್ಮಾಕೆ ಅದೃಷ್ಟದ ಕೂಪನ್ ತುಂಬಿ ಡಬ್ಬಿಗೆ ಹಾಕಿದಳು. ವಾರದೊಳಗೆ ಫೋನ್ ಬಂತು: ದಂಪತಿ ಸಮೇತ ಬನ್ನಿ, ಪ್ರೆಷರ್ ಕುಕ್ಕರ್ ಬಹುಮಾನ, ಬರೀ ತೊಂಬತ್ತು ನಿಮಿಷ. ತೊಂಬತ್ತು ನಿಮಿಷ ಮೂರೂವರೆ ಗಂಟೆಯಾಯಿತು. ಎದ್ದು ಬರುವಾಗ ಕೈಯಲ್ಲಿ ಕುಕ್ಕರ್ ಜೊತೆಗೆ ಕೊಡಗಿನ ಒಂದು ರೆಸಾರ್ಟ್‌ನಲ್ಲಿ ವರ್ಷಕ್ಕೆ ಒಂದು ವಾರ ಇರುವ ಹಕ್ಕೂ ಇತ್ತು. 25 ವರ್ಷಕ್ಕೆ 1,60,000 ರೂಪಾಯಿ.

ಇದಕ್ಕೆ ಟೈಮ್‌ಶೇರ್ ಅನ್ನುತ್ತಾರೆ. ಮಕ್ಕಳೇ, ಹಳ್ಳಿಯಲ್ಲಿ ಒಂದೇ ಕಾಲುವೆಯ ನೀರನ್ನು ಇವತ್ತು ನಿಮಗೆ, ನಾಳೆ ನಮಗೆ ಎಂದು ಸರದಿಯಲ್ಲಿ ಬಿಟ್ಟುಕೊಳ್ಳುತ್ತಾರಲ್ಲ, ಹಾಗೆ ಒಂದೇ ಕೋಣೆಯನ್ನು ವಾರದ ಲೆಕ್ಕದಲ್ಲಿ ಹಲವರು ಹಂಚಿಕೊಳ್ಳುವುದು. 1960ರ ದಶಕದಲ್ಲಿ ಯುರೋಪಿನ ಆಲ್ಪ್ಸ್ ಬೆಟ್ಟಗಳ ಕಡೆ ಹುಟ್ಟಿದ ಪದ್ಧತಿ ಇದು. ವರ್ಷ ವರ್ಷವೂ ಅದೇ ಕೋಣೆಗೆ ಹೋಗಿ ಜನರಿಗೆ ಬೇಸರ ಬಂತು. ಆಗ, 1974ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಗಂಡ ಹೆಂಡತಿ ಇಬ್ಬರು ಸೇರಿ, ನಿಮ್ಮ ವಾರ ಅವರಿಗೆ, ಅವರ ವಾರ ನಿಮಗೆ ಎಂದು ಅದಲುಬದಲು ಮಾಡಿಕೊಡುವ ವ್ಯಾಪಾರ ಶುರು ಮಾಡಿದರು. ಈಗ ಇಂಥ ವಿನಿಮಯ ಜಾಲಗಳು ದೇಶದೇಶಗಳಲ್ಲಿವೆ.

ನಾನು ಬಲೆಗೆ ಬಿದ್ದಿದ್ದು ಈ ಅದಲುಬದಲಿನ ಮಾತಿಗೇ. "ಸರ್, ಕೊಡಗು ಬೇಡವಾದರೆ ನಿಮ್ಮ ವಾರವನ್ನು ಡಿಪಾಜಿಟ್ ಇಡಿ, ಬದಲಿಗೆ ಮನಾಲಿ ತಗೊಳ್ಳಿ, ಗೋವಾ ತಗೊಳ್ಳಿ" ಎಂದ ಟೈ ಕಟ್ಟಿದ ಹುಡುಗ. ಡಿಪಾಜಿಟ್! ಜೀವಮಾನವಿಡೀ ಬ್ಯಾಂಕಿನಲ್ಲಿ ಆ ಶಬ್ದದ ಅನ್ನ ತಿಂದವನು ನಾನು. ಸಹಿ ಹಾಕುವ ಮುಂಚೆ ಓದಿ ಸ್ವಾಮಿ ಎಂದು ಕೌಂಟರಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ. ಆ ದಿನ ಹದಿನೆಂಟು ಪುಟದ ಕರಾರಿಗೆ ಓದದೆ ಸಹಿ ಹಾಕಿದೆ.

ಬ್ಯಾಂಕಿನಲ್ಲಿ ನೂರು ರೂಪಾಯಿ ಇಟ್ಟವರಿಗೆ ನೂರು ಮತ್ತು ಬಡ್ಡಿ ವಾಪಸ್ಸು. ಇಲ್ಲಿ ಇಟ್ಟ ವಾರಕ್ಕೆ ಅವರು ಬೆಲೆ ಕಟ್ಟುತ್ತಾರೆ. ಯಾವ ಊರು, ಯಾವ ತಿಂಗಳು, ಎಷ್ಟು ದೊಡ್ಡ ಕೋಣೆ, ಎಷ್ಟು ತಿಂಗಳು ಮುಂಚೆ ಇಟ್ಟಿರಿ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ವಾರಗಳಿಗೆ ಬಣ್ಣಗಳೂ ಇವೆ: ಎಲ್ಲರೂ ಮುಗಿಬೀಳುವ ವಾರ ಕೆಂಪು, ನಡುವಿನದು ಬಿಳಿ, ಯಾರಿಗೂ ಬೇಡದ್ದು ನೀಲಿ. ನಮ್ಮದು ಜುಲೈ. ಜುಲೈಯಲ್ಲಿ ಕೊಡಗಿನ ಮಳೆ ಹೇಗಿರುತ್ತದೆಂದು ಅಲ್ಲಿಯವರನ್ನು ಕೇಳಿ. ಮೊದಲ ಕೆಲವು ವರ್ಷ ನಾವೇ ಹೋಗಿ ಕಿಟಕಿ ಪಕ್ಕ ಕೂತು ಮಳೆ ನೋಡಿ, ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಹಾಕಿ ಬಂದೆವು. ಅದೂ ಒಂದು ಚಂದವೇ ಅನ್ನಿ.

ಮೊಮ್ಮಕ್ಕಳು ಹಿಮ ನೋಡಬೇಕು ಎಂದಾಗ ವಾರವನ್ನು ಡಿಪಾಜಿಟ್ ಇಟ್ಟೆ. ಒಮ್ಮೆ ಇಟ್ಟರೆ ವಾಪಸ್ಸು ತೆಗೆಯುವಂತಿಲ್ಲ, ಎರಡು ವರ್ಷದೊಳಗೆ ಬಳಸದಿದ್ದರೆ ಹೋಯಿತು. ಮನಾಲಿ ಬೇಕು, ಶಾಲೆಗೆ ರಜೆ ಇರುವ ಏಪ್ರಿಲ್ ಇಲ್ಲವೇ ಮೇ, ಎಂದು ಬರೆದೆ. ಫೋನ್ ಮಾಡಿದಾಗಲೆಲ್ಲ ಆ ಕಡೆಯ ಹೆಣ್ಣುಮಗಳು ಬಹಳ ನಯವಾಗಿ, "ಸರ್, ವೇಯ್ಟಿಂಗ್ ಲಿಸ್ಟ್‌ನಲ್ಲಿದೆ" ಅನ್ನುತ್ತಿದ್ದಳು. ಗಡುವು ಮುಗಿಯುವ ಹೊತ್ತಿಗೆ ರಜೆಯಲ್ಲಿ ಸಿಕ್ಕಿದ್ದು ಊಟಿಯ ಆ ಒಂದು ವಾರ.

ಬಂಡೀಪುರದಲ್ಲಿ ಜಿಂಕೆಗಳ ಹಿಂಡು ಕಂಡು ಮಕ್ಕಳು ಹಿಮ ಮರೆತರು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಈ ಕಾಡಿನ ರಸ್ತೆ ಬಂದ್. ಪ್ರಾಣಿಗಳೂ ನೆಮ್ಮದಿಯಾಗಿ ಓಡಾಡಬೇಕಲ್ಲ. ಕೆಕ್ಕನಹಳ್ಳ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು, ಮುದುಮಲೈ. 2024ರಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ವಾಹನ ಎಂಬ ಮಿತಿಯನ್ನೂ ಹೈಕೋರ್ಟ್ ಹಾಕಿತ್ತು. ನಮ್ಮ ವಾರ ಶನಿವಾರವೇ ಶುರುವಾಗಬೇಕೆಂಬ ನಿಯಮ, ಆದ್ದರಿಂದ ಪಾಸ್ ಸಿಗುವವರೆಗೂ ಮಗನಿಗೆ ನಿದ್ದೆಯಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸೇ ಬೇಡವಂತೆ. ಅದನ್ನು ಅವನು ಎರಡು ಸಲ ಹೇಳಿದ.

ಕೋಣೆ ಇದ್ದಿದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಮ್ಮಾಕೆಗೆ ಹಿಂದಿನ ವರ್ಷವಷ್ಟೇ ಮಂಡಿ ಆಪರೇಷನ್ ಆಗಿತ್ತು. ಮೂವತ್ತೆಂಟು ಮೆಟ್ಟಿಲು, ಅವಳೇ ಎಣಿಸಿದ್ದು. ಕೆಳಗಿನ ಕೋಣೆ ಕೊಡಿ ಎಂದರೆ, ಅದು ಇಲ್ಲಿಯ ಸದಸ್ಯರಿಗೆ, ನೀವು ವಿನಿಮಯದಲ್ಲಿ ಬಂದವರು ಎಂದರು. ಅಡುಗೆಮನೆಯ ಜಾಗದಲ್ಲಿ ನೀರು ಕಾಯಿಸುವ ಒಂದು ಕೆಟಲ್ ಇತ್ತು. ಸಾರಿನಪುಡಿ, ಅಕ್ಕಿ, ಪುಟ್ಟ ಕುಕ್ಕರ್ ಹೊತ್ತು ತಂದಿದ್ದ ನಮ್ಮಾಕೆ ಅವನ್ನು ಮೂಲೆಗಿಟ್ಟು, "ಬಹುಮಾನದ ಕುಕ್ಕರ್ರೀ ಇದು, ಅದಕ್ಕೂ ಊಟಿ ತೋರಿಸಿದ ಹಾಗಾಯ್ತು" ಎಂದಳು.

ಆದರೆ ಊಟಿಯದೇನೂ ತಪ್ಪಿಲ್ಲ. ಬೊಟಾನಿಕಲ್ ಗಾರ್ಡನ್‌ನ ಫ್ಲವರ್ ಶೋಗೆ ಇನ್ನೂ ದಿನಗಳಿದ್ದವು. ಮಾಲಿಗಳು ಹೂವಿನ ಕುಂಡ ಜೋಡಿಸುತ್ತಿದ್ದರು. ಮೊಮ್ಮಗ ಅವರ ಹಿಂದೆಯೇ ಓಡಾಡಿ ಕುಂಡ ಎಣಿಸಿದ, ಇನ್ನೂರರ ಮೇಲೆ ಲೆಕ್ಕ ತಪ್ಪಿತು. ಬೆಟ್ಟದ ರೈಲಿನಲ್ಲಿ ಕೂನೂರಿನವರೆಗೆ ಹೋದೆವು. ಕೂನೂರಿನವರೆಗಿನ ಹಳಿ 1899ರದ್ದು, ಊಟಿಗೆ ರೈಲು ಬಂದಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕೂನೂರಿನಿಂದ ಕೆಳಗೆ ಇಳಿಜಾರು ಎಷ್ಟು ಕಡಿದೆಂದರೆ, ಹಳಿಗಳ ನಡುವೆ ಹಲ್ಲಿರುವ ಪಟ್ಟಿ ಹಾಕಿದ್ದಾರೆ, ಎಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡೇ ಸಾಗುತ್ತದೆ. ಕೇತ್ತಿ ಹತ್ತಿರ ಕಣಿವೆ ತೆರೆದುಕೊಂಡಾಗ ಇಡೀ ಡಬ್ಬಿ ಒಂದೇ ಕಿಟಕಿಗೆ ಬಂತು.

ದೊಡ್ಡಬೆಟ್ಟಕ್ಕೂ ಹೋದೆವು. 2,637 ಮೀಟರ್ ಎತ್ತರ. ಹೆಸರು ಮಾತ್ರ ನಮ್ಮ ಮನೆಯ ಮಾತಿನದೇ. ದಾರಿಯಲ್ಲಿ ಎಲೆ ಸಮೇತ ಕ್ಯಾರೆಟ್ ಕಟ್ಟು ಮಾರುತ್ತಿದ್ದ ಅಜ್ಜಿ ಮಾತಾಡಿದ್ದು ಬಡಗ ಭಾಷೆ. ನಮ್ಮಾಕೆ ಕನ್ನಡದಲ್ಲೇ ಚೌಕಾಸಿ ಮಾಡಿದಳು, ಇಬ್ಬರಿಗೂ ಮುಕ್ಕಾಲು ಅರ್ಥವಾಯಿತು. ಬಡಗ ಎಂದರೆ ಬಡಗಣದವರು, ಉತ್ತರದವರು. ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬೆಟ್ಟ ಹತ್ತಿದವರೆಂದು ಹೇಳುತ್ತಾರೆ. ಅಜ್ಜಿ ಮೊಮ್ಮಗಳ ಕೈಗೆ ಎರಡು ಕ್ಯಾರೆಟ್ ಹೆಚ್ಚಿಗೇ ಹಾಕಿತು.

ಭಾನುವಾರ ರಾತ್ರಿ, ಮಕ್ಕಳು ಮಲಗಿದ್ದಾರೆಂದುಕೊಂಡು, ನಾನು ಡೈರಿ ತೆಗೆದು ಲೆಕ್ಕ ಹಾಕಿದೆ. ಹಳೆಯ ಚಾಳಿ. ಸದಸ್ಯತ್ವದ ಹಣವನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 6,400. ನಿರ್ವಹಣಾ ಶುಲ್ಕ 14,200. ಮೊದಲ ವರ್ಷ ಅದು 6,800 ಇತ್ತು. ವಿನಿಮಯ ಜಾಲದ ಚಂದಾ ಎರಡು ವರ್ಷಕ್ಕೆ 6,000. ವಿನಿಮಯ ಶುಲ್ಕ 5,500, ಅದಕ್ಕೆ ಜಿಎಸ್‌ಟಿ 990. ಕರೆಂಟು, ನೀರು ಎಂದು ದಿನಕ್ಕೆ 500. ಮಗ ಎರಡು ರಾತ್ರಿ ನಮ್ಮ ಜೊತೆ ಮಲಗಿದ್ದಕ್ಕೆ, ಹೆಚ್ಚುವರಿ ಮನುಷ್ಯ ಎಂದು, 3,000. ವಾರದಲ್ಲಿ ನಾವಿರಲು ಸಾಧ್ಯವಿದ್ದಿದ್ದು ಐದೇ ರಾತ್ರಿ. ಒಟ್ಟು 38,590, ರಾತ್ರಿಗೆ 7,718. ಕೆಳಗಿನ ರಸ್ತೆಯ ಲಾಡ್ಜಿನಲ್ಲಿ ವಿಚಾರಿಸಿದ್ದೆ: ಸೀಸನ್ ದರ 3,500, ಬಿಸಿನೀರು ಸೇರಿ, ನೆಲಮಹಡಿ. ಆ ಒಂದೂವರೆ ಲಕ್ಷ ಎಫ್‌ಡಿಯಲ್ಲಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕವನ್ನು ಬೇಕೆಂದೇ ಹಾಕಲಿಲ್ಲ.

ಮೊಮ್ಮಗಳು ಮಲಗಿರಲಿಲ್ಲ. ಹತ್ತು ವರ್ಷದವಳು, ಎದ್ದು ಬಂದು ಕೂತಳು. ಮನಾಲಿ ಯಾಕೆ ಸಿಗಲಿಲ್ಲ ಎಂದು ಮೊದಲಿಂದ ಹೇಳಿದೆ. ಅವಳು ಕೇಳಿ, "ನಮ್ಮ ಕ್ಲಾಸಲ್ಲಿ ಕ್ರಿಕೆಟ್ ಕಾರ್ಡ್ ಬದಲಾಯಿಸ್ತೀವಲ್ಲ ತಾತ, ಒಳ್ಳೇ ಕಾರ್ಡ್ ಇರೋವ್ರು ಹೊರಗೇ ತೆಗಿಯಲ್ಲ. ಡಬಲ್ ಇರೋದನ್ನೇ ಎಲ್ರೂ ತರ್ತಾರೆ" ಎಂದಳು. ಮೇ ತಿಂಗಳ ಮನಾಲಿ ಕೈಯಲ್ಲಿರುವವನು ಅದನ್ನು ಬಿಟ್ಟು ನಮ್ಮ ಜುಲೈ ಮಳೆಗೆ ಯಾಕೆ ಬರುತ್ತಾನೆ? ಹದಿನಾರು ವರ್ಷದಲ್ಲಿ ಇದು ನನಗೆ ಹೊಳೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಗ ಕೆಲಸಕ್ಕೆಂದು ಹೊರಟ. ಕಾರಿನ ಬಾಗಿಲು ಹಿಡಿದು ನಿಂತು, "ಅಪ್ಪಾ, ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಇದನ್ನ ನನ್ನ ಹೆಸರಿಗೆ ಬರೀಬೇಡಿ" ಎಂದ. ಕರಾರು ಮುಗಿಯುವುದು 2034ಕ್ಕೆ. ನಾನು ಇರಲಿ ಬಿಡಲಿ, ನಿರ್ವಹಣಾ ಶುಲ್ಕದ ಬಿಲ್ಲು ಬರುತ್ತದೆ. ಕೊಳ್ಳುವಾಗ ನಾನಂದುಕೊಂಡಿದ್ದು, ಇದು ಮಗನಿಗೆ ಬಿಟ್ಟುಹೋಗುವ ಆಸ್ತಿ ಎಂದು. "ಸರಿಯಪ್ಪ, ನಿಧಾನವಾಗಿ ಓಡಿಸು" ಎಂದೆ.

ಗುರುವಾರ ನಾವು ನಾಲ್ವರು ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ವಾಪಸ್ಸು ಬಂದೆವು. ಮುದುಮಲೈಯಲ್ಲಿ ರಸ್ತೆ ಪಕ್ಕದಲ್ಲೇ ಮರಿ ಸಮೇತ ಆನೆ ನಿಂತಿತ್ತು, ಕಾರಿನಲ್ಲಾದರೆ ಅಷ್ಟು ಎತ್ತರದಿಂದ ಕಾಣುತ್ತಿರಲಿಲ್ಲ ಎಂದು ಮೊಮ್ಮಗನ ತೀರ್ಪು. ಗುಂಡ್ಲುಪೇಟೆ ದಾಟಿದ ಮೇಲೆ ನಮ್ಮಾಕೆ, "ರೀ, ಮನಾಲಿಗೆ ದೆಹಲಿವರೆಗೂ ರೈಲಿದೆಯಲ್ಲ, ಆಮೇಲೆ ಬಸ್ಸು. ನನ್ನ ಮಂಡಿ ಇನ್ನೊಂದು ವರ್ಷ ತಡೆಯುತ್ತೆ" ಎಂದಳು.

ಈ ಸಲ ಹದಿನೆಂಟು ಪುಟವನ್ನೂ ಭೂತಗನ್ನಡಿ ಹಿಡಿದು ಓದಿದ್ದೇನೆ. ಸದಸ್ಯತ್ವ ಬಿಡುವುದು ಹೇಗೆಂಬುದು ಹದಿನಾರನೆಯ ಪುಟದಲ್ಲಿದೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಹಾಕಿದ್ದಾಯಿತು, ಉತ್ತರ ಬಂದಿಲ್ಲ. ದೆಹಲಿ ರೈಲಿನ ವೇಳಾಪಟ್ಟಿಯನ್ನು ಮೊಮ್ಮಗಳು ಬರೆದುಕೊಟ್ಟಿದ್ದಾಳೆ.