ಗಂಟಿಗೊಂದು ಹೆಸರು

ನಾವು 33 ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತವನ್ನು ಕಲಿಸಿ, ನಿವೃತ್ತರಾಗಿ, ವೇದಾವತಿಯ ಸೀಮೆಯ ಪರಶುರಾಂಪುರದ ಹಳೆಯ ಮನೆಗೆ ಬಂದು ನೆಲೆಸಿದವರು. ಪುಸ್ತಕ ಬಲ್ಲ ಮುದುಕನೊಬ್ಬನು ಊರಿನಲ್ಲಿದ್ದರೆ ಜನರು ಅವನನ್ನು ಅರ್ಧ ವೈದ್ಯನನ್ನಾಗಿಯೂ ಮಾಡಿಬಿಡುವರು. ಅವನೂ ಅದನ್ನು ನಂಬಿಬಿಡುವನು. ಹೋದ ಶ್ರಾವಣದಲ್ಲಿ ನಮ್ಮ ಅಕ್ಕನವರು ಕುತ್ತಿಗೆಯ ಎಡಮಗ್ಗುಲನ್ನು ಮುಟ್ಟಿ ತೋರಿಸಿ, "ಇದೇನೋ ನೋಡಪ್ಪಾ, ಹುಣಸೆಬೀಜದಷ್ಟಿದ್ದದ್ದು ಅಡಕೆಯಷ್ಟಾಗಿದೆ" ಎಂದರು. ನಾವು ಸುಶ್ರುತಸಂಹಿತೆಯ ನಿದಾನಸ್ಥಾನವನ್ನು ತೆರೆದು ಕುಳಿತೆವು. ಗ್ರಂಥಿ, ಅಪಚಿ, ಅರ್ಬುದ, ಗಲಗಂಡ ಎಂಬ ನಾಲ್ಕನ್ನೂ ಆ ಮಹಾನುಭಾವನು ಒಂದೇ ಅಧ್ಯಾಯದಲ್ಲಿ ಬೇರೆಬೇರೆಯಾಗಿ ವಿವರಿಸಿರುವನು. ನಾವು ಬೆರಳಿನಿಂದ ಒತ್ತಿ ನೋಡಿ, "ಇದು ಅಪಚಿ, ಭಯಪಡತಕ್ಕದ್ದಿಲ್ಲ" ಎಂದು ತೀರ್ಪಿತ್ತೆವು, ಲೇಪವನ್ನೂ ಹಚ್ಚಿಸಿದೆವು. ಎರಡು ತಿಂಗಳು ಕಳೆದುವು. ಅಡಕೆಯು ನಿಂಬೆಯಾಯಿತು.

ಆಮೇಲೆ ಪಟ್ಟಣದ ಒಂದು ವೈದ್ಯಶಾಲೆಯಲ್ಲಿ ಗಂಟಿನ ತುಣುಕೊಂದನ್ನು ತೆಗೆದು, ಬರಿಯ ಉಪ್ಪುನೀರಿನ ಸೀಸೆಯಲ್ಲಿ ಹಾಕಿ, ಪರೀಕ್ಷೆಗೆ ಒಯ್ಯಿರೆಂದು ನಮ್ಮ ಕೈಗಿತ್ತರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಮರುದಿನ ತಲುಪಿಸಿದೆವು. ಕೆಟ್ಟುಹೋಗಿದೆ ಎಂಬ ಉತ್ತರ ಬಂದಿತು. ಇಂಥ ತುಣುಕನ್ನು ತೆಗೆದ ಕೂಡಲೇ ಫಾರ್ಮಲಿನ್ ಎಂಬ ದ್ರಾವಣದಲ್ಲಿ ಮುಳುಗಿಸಿಡಬೇಕಂತೆ. ಅದು ಕಣಗಳನ್ನು ಇದ್ದಂತೆಯೇ ಹಿಡಿದು ನಿಲ್ಲಿಸುವುದು. ವಾಚಕರ ಮನೆಗೆ ಇಂಥ ಸಂದರ್ಭವು ಬಾರದಿರಲಿ. ಬಂದರೆ ಸೀಸೆಯಲ್ಲಿರುವುದೇನೆಂದು ಕೇಳಲು ಸಂಕೋಚಪಡಬಾರದು. ನಾವು ಕೇಳಲಿಲ್ಲ. ಅಕ್ಕನವರು ಎರಡನೆಯ ಸಲ ಕತ್ತಿಗೆ ಕೊರಳೊಡ್ಡಬೇಕಾಯಿತು.

ಎರಡನೆಯ ತುಣುಕಿನ ವರದಿಯು ಇನ್ನೂ ಕಷ್ಟಕ್ಕೆ ತಂದಿತು. ಇದು ಕ್ಯಾನ್ಸರೇ ಸರಿ, ಯಾವ ಜಾತಿಯದೆಂದು ಹೇಳಬರುವುದಿಲ್ಲ ಎಂದಿದ್ದಿತು. ಆ ಗ್ರಂಥಿಯಲ್ಲಿಯೇ ಬಿಳಿಯ ರಕ್ತಕಣಗಳಿಂದ ಹುಟ್ಟಿದ ಲಿಂಫೋಮ ಆಗಿರಬಹುದು. ಇಲ್ಲವೆ ಗಂಟಲಿನಲ್ಲೋ ಶ್ವಾಸಕೋಶದಲ್ಲೋ ಹುಟ್ಟಿ ಅಲ್ಲಿಗೆ ಹರಿದುಬಂದ ಕಾರ್ಸಿನೋಮ ಆಗಿರಬಹುದು. ಮೊದಲನೆಯದಾದರೆ ಪೂರ್ತಿ ಗುಣವಾಗುವ ಆಸೆ ಚೆನ್ನಾಗಿರುವುದು. ಹರಿದುಬಂದುದಾದರೆ ಆಸೆ ಸಾಮಾನ್ಯವಾಗಿ ಕಡಿಮೆ. ಸೋದರಳಿಯನು ನಮ್ಮನ್ನು ಜಗಲಿಗೆ ಕರೆದು, "ಮಾವಾ, ಎರಡನೆಯದೇ ಆದರೆ ಅಮ್ಮನನ್ನು ಅಲೆದಾಡಿಸುವುದು ಬೇಡ, ಮನೆಯಲ್ಲೇ ಇರಲಿ" ಎಂದನು. ಅಕ್ಕನವರು ಒಳಗೆ ಅಕ್ಕಿ ಆರಿಸುತ್ತಿದ್ದರು. ಕೇಳಿಸಿತೋ ಇಲ್ಲವೋ, ಮೊರದ ಸದ್ದು ಮಾತ್ರ ನಿಂತಿತು.

ಚಳ್ಳಕೆರೆ, ಹಿರಿಯೂರುಗಳ ಮೇಲೆ ಬೆಂಗಳೂರಿಗೆ ಹೋದೆವು. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿ, ನಮ್ಮಂಥವರ ಜಾತ್ರೆಯ ನಡುವೆ, ಒಬ್ಬ ತರುಣ ವೈದ್ಯೆಯು ನಾವು ಉಪಾಧ್ಯಾಯರೆಂದು ತಿಳಿದು ಕಾಲುಗಂಟೆಯನ್ನು ನಮಗಾಗಿ ಕಳೆದರು. "ಮೇಷ್ಟ್ರೇ, ಈ ಎರಡು ಜಾತಿಯ ಕಣಗಳೂ ಕೆಲವು ಸಲ ಕಣ್ಣಿಗೆ ಒಂದೇ ತೆರ ಕಾಣುತ್ತವೆ. ಮೈಮೇಲಿನ ಗುರುತನ್ನು ಹುಡುಕಬೇಕು" ಎಂದರು.

ಹುಡುಕುವ ಕ್ರಮವು ಹೀಗೆ. ತುಣುಕನ್ನು ಮೇಣದಲ್ಲಿ ಅಚ್ಚುಹಾಕಿ ಪದರ ಪದರವಾಗಿ ಕೊಯ್ಯುವರು. 1 ಮಿಲಿಮೀಟರಿನಲ್ಲಿ ಸುಮಾರು 250 ಪದರಗಳಾಗುವಷ್ಟು ತೆಳುವು. ಗಾಜಿನ ಮೇಲೆ ಹರಡಿದ ಆ ಪದರಕ್ಕೆ ಮಾನೊಕ್ಲೋನಲ್ ಆಂಟಿಬಾಡಿ ಎಂಬುದನ್ನು ಹನಿಸುವರು. ಆಂಟಿಬಾಡಿಯೆಂದರೆ ಹೊರಗಿನಿಂದ ಬಂದುದನ್ನು ಹಿಡಿಯಲು ದೇಹವು ತಯಾರಿಸುವ ಪ್ರತಿಕಾಯ. ಸಾಮಾನ್ಯವಾಗಿ ಅದು ನೂರು ಬಗೆಯ ಕಲಬೆರಕೆ. ಇದಾದರೋ ಒಂದೇ ಕಣದ ಸಂತಾನದಿಂದ ಬಂದು, ಒಂದೇ ಗುರುತನ್ನು ಹಿಡಿಯುವಂಥದು. ಅದು ಅಂಟಿದಲ್ಲಿ ಇನ್ನೊಂದು ಪ್ರತಿಕಾಯದ ಮೂಲಕ ಬಣ್ಣವನ್ನು ಹುಟ್ಟಿಸಿದರೆ ಕಂದು ಕಾಣುವುದು. ಅಂಟದಿದ್ದರೆ ಕಣದ ನಡುವಿಗೆ ಬೇರೆಯಾಗಿ ಕೊಟ್ಟ ನೀಲಿಯಷ್ಟೇ ಉಳಿಯುವುದು.

ಇದನ್ನು ತಯಾರಿಸುವ ಉಪಾಯವನ್ನು 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಕಂಡುಹಿಡಿದರು. ಪ್ರತಿಕಾಯವನ್ನು ಮಾಡಬಲ್ಲ ಇಲಿಯ ಕಣವು ಬೇಗ ಸಾಯುವುದು. ಅರ್ಬುದದ ಕಣಕ್ಕೆ ಸಾವಿಲ್ಲ. ಎರಡನ್ನೂ ಬೆಸೆದರು. ಅರ್ಬುದದ ಮೊಂಡುತನವನ್ನೇ ಅರ್ಬುದದ ಗುರುತು ಹಿಡಿಯಲು ಹೂಡಿದಂತಾಯಿತು. 1984ರಲ್ಲಿ ಅವರಿಗೆ ಯೆರ್ನೆ ಎಂಬವರೊಡನೆ ನೊಬೆಲ್ ಪಾರಿತೋಷಿಕವು ಬಂದಿತು. ಉಪಾಯಕ್ಕೆ ಪೇಟೆಂಟನ್ನು ಮಾತ್ರ ಅವರು ಪಡೆಯಲಿಲ್ಲ.

ತರ್ಕಸಂಗ್ರಹವನ್ನು ಓದಿದವರಿಗೆ ಗೋವಿನ ಲಕ್ಷಣದ ಪಾಠವು ನೆನಪಿರಬಹುದು. ಕಪಿಲವರ್ಣವುಳ್ಳದ್ದು ಗೋವು ಎಂದರೆ ಬಿಳಿಯ ಹಸು ಬಿಟ್ಟುಹೋಗುವುದು, ಅದು ಅವ್ಯಾಪ್ತಿ. ಕೊಂಬುಳ್ಳದ್ದೆಂದರೆ ಎಮ್ಮೆಯೂ ಸೇರಿಬಿಡುವುದು, ಅದು ಅತಿವ್ಯಾಪ್ತಿ. ಗಂಗೆದೊಗಲೊಂದೇ ಸರಿಯಾದ ಲಕ್ಷಣ. ನಾವಿದನ್ನು ಹೇಳಲು ವೈದ್ಯೆಯು ನಕ್ಕು, "ನಮ್ಮಲ್ಲಿ ಗಂಗೆದೊಗಲಿನಂಥ ಗುರುತು ಸಿಕ್ಕುವುದೇ ಅಪರೂಪ. ಒಂದೊಂದರಲ್ಲಿಯೂ ನೀವು ಹೇಳಿದ ದೋಷ ಸ್ವಲ್ಪ ಇದ್ದೇ ಇರುತ್ತದೆ. ಆದ್ದರಿಂದಲೇ ನಾಲ್ಕಾರನ್ನು ಒಟ್ಟಿಗೆ ನೋಡುವುದು" ಎಂದರು. ಮೂವತ್ತು ವರ್ಷ ಪಾಠ ಹೇಳಿದವರು ಅಕ್ಕನ ಕುತ್ತಿಗೆಯನ್ನು ಮುಟ್ಟಿದಾಗ ಆ ಪಾಠವನ್ನು ಮರೆತಿದ್ದೆವು. ಗಂಟೆಂಬ ಕೊಂಬನ್ನು ಕಂಡು ಗೋವೆಂದಿದ್ದೆವು.

ಹತ್ತನೆಯ ದಿನ ಉತ್ತರವು ಬಂದಿತು. ಬಿಳಿಯ ರಕ್ತಕಣಗಳಲ್ಲಿರುವ ಸಿಡಿ 45 ಎಂಬ ಗುರುತು ಕಂದಾಗಿದ್ದಿತು. ಕಾರ್ಸಿನೋಮದಲ್ಲಿ ಕಾಣತಕ್ಕ ಸೈಟೊಕೆರಾಟಿನ್ ಕಾಣಲಿಲ್ಲ. ಟಿ ಜಾತಿಯ ಕಣಗಳ ಸಿಡಿ 3 ಇಲ್ಲ. ಬಿ ಜಾತಿಯ ಸಿಡಿ 20 ತುಂಬ ಇದೆ. ಅಲ್ಲಿಗೆ ಅದು ಬಿ ಜಾತಿಯ ಲಿಂಫೋಮವೆಂದಾಯಿತು. ಸೋದರಳಿಯನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತನು.

ಔಷಧಗಳಲ್ಲಿ ರಿಟುಕ್ಸಿಮ್ಯಾಬ್ ಎಂಬುದೊಂದು. ಅದೂ ಮಾನೊಕ್ಲೋನಲ್ ಪ್ರತಿಕಾಯವೇ. ಗಾಜಿನ ಮೇಲೆ ಕಂದಾದ ಆ ಸಿಡಿ 20ಕ್ಕೇ ದೇಹದೊಳಗೆ ಹೋಗಿ ಅಂಟುವುದು. ಅಮೆರಿಕದಲ್ಲಿ 1997ರಲ್ಲಿ ಬಳಕೆಗೆ ಬಂದುದು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯವರು ಅದರ ಸಮಾನವಾದುದನ್ನು ಕಡಿಮೆ ಬೆಲೆಗೆ ತಂದರು. ಕಡಿಮೆಯೆಂದರೂ ನಮ್ಮಂಥವರಿಗೆ ಹೆಚ್ಚೇ.

21 ದಿನಗಳಿಗೊಮ್ಮೆಯಂತೆ ಆರು ಸರದಿ, ನಾಲ್ಕು ಮುಗಿದುವು. ಕೂದಲೆಲ್ಲ ಉದುರಿದೆ. ಗಂಟು ತಿರುಗಿ ಹುಣಸೆಬೀಜದಷ್ಟಾಗಿದೆ. ಇಲಿಯ ಕಥೆಯನ್ನು ನಾವು ಹೇಳಿದಂದಿನಿಂದ ಅಕ್ಕನವರು ಮನೆಯಲ್ಲಿ ಇಲಿಬೋನು ಇಡಗೊಡರು. "ಅದರ ಋಣ ಇದೆ, ಸುಮ್ಮನಿರೋ" ಎನ್ನುವರು. ಶೇಂಗಾದ ಎರಡು ಮೂಟೆಗಳು ತೂತಾಗಿವೆ. ಐದನೆಯ ಸರದಿಗೆ ಬರುವ ಸೋಮವಾರ ಹೊರಡಬೇಕು. ಅಷ್ಟರೊಳಗೆ ಉಳಿದ ಮೂಟೆಗಳನ್ನು ಅಟ್ಟಕ್ಕೆ ಏರಿಸಬೇಕೆಂದಿದ್ದೇವೆ.