ಸಾಕುಮನೆಯ ಮಕ್ಕಳು

ಹೆತ್ತವರ ಬಳಿ ಕ್ಷೇಮವಿಲ್ಲವೆಂದು ಕಂಡಾಗ ನ್ಯಾಯಾಲಯವು ಮಗುವನ್ನು ಬೇರೊಂದು ಸಂಸಾರಕ್ಕೆ ಒಪ್ಪಿಸುವ ಪದ್ಧತಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಉಂಟು. ಒಡಲಿನ ಮಕ್ಕಳಿಗೆ ಹದಿನೆಂಟು ವರ್ಷ ತುಂಬುವುದು ಹಬ್ಬ. ಈ ಸಾಕುಮನೆಯ ಮಕ್ಕಳಿಗಾದರೋ ಅದು ಬಹುಕಾಲ ಗಡುವಿನ ದಿನವಾಗಿದ್ದಿತು. ಅಂದಿಗೆ ಪೋಷಣೆಯ ಹಣವು ನಿಲ್ಲುತ್ತಿತ್ತು. ಸಾಕಿದವರು ಪ್ರೀತಿಯಿಂದ ಇರಿಸಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ನಿನ್ನೆಯವರೆಗೆ ಗೆಳತಿಯ ಮನೆಯಲ್ಲಿ ಒಂದು ರಾತ್ರಿ ತಂಗುವುದಕ್ಕೂ ಅಧಿಕಾರಿಗಳ ಅಪ್ಪಣೆಯನ್ನು ಕಾಯುತ್ತಿದ್ದ ಹುಡುಗಿಯು ಇಂದು ಬಾಡಿಗೆಯ ಕರಾರಿಗೆ ತಾನೇ ರುಜು ಹಾಕಬೇಕು. ಈಜು ಕಲಿಸದೆ ಮಡುವಿಗೆ ಇಳಿಸಿದಂತಲ್ಲವೆ ಇದು?

ಈ ಅನ್ಯಾಯವು ಶಾಸನಕರ್ತರ ಕಣ್ಣಿಗೆ ಬೀಳಲು ಕಾಲ ಹಿಡಿಯಿತು. ೧೯೯೯ರ ಕಾನೂನು, ಸೆನೆಟರ್ ಜಾನ್ ಚೇಫೀಯವರ ಹೆಸರಿನ ಯೋಜನೆಯ ಮೂಲಕ, ಸ್ವತಂತ್ರ ಜೀವನದ ಶಿಕ್ಷಣಕ್ಕೆ ಕೊಡುತ್ತಿದ್ದ ವಾರ್ಷಿಕ ೭ ಕೋಟಿ ಡಾಲರುಗಳನ್ನು ೧೪ ಕೋಟಿಗೆ ಏರಿಸಿತು. ೨೦೦೮ರ ಕಾನೂನು ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಇಚ್ಛೆಯುಳ್ಳ ಸಂಸ್ಥಾನಗಳು ಕೇಂದ್ರದ ನೆರವಿನಿಂದ ೨೧ ವರ್ಷದವರೆಗೂ ಈ ಮಕ್ಕಳನ್ನು ಪೊರೆಯಬಹುದು. ಆದರೆ ಓದುತ್ತಿರಬೇಕು, ಕೆಲಸಕ್ಕೆ ಅಣಿಯಾಗುತ್ತಿರಬೇಕು, ಇಲ್ಲವೆ ತಿಂಗಳಿಗೆ ೮೦ ಗಂಟೆಯಾದರೂ ದುಡಿಯುತ್ತಿರಬೇಕು. ರೋಗಾದಿಗಳಿಂದ ಅಶಕ್ತರಾದವರಿಗೆ ಮಾತ್ರ ವಿನಾಯಿತಿ. ಸ್ವಂತ ಮಗನಿಗೆ ಅನ್ನವಿಡುವಾಗ ಯಾವ ತಂದೆಯೂ ಗಂಟೆಗಳನ್ನು ಎಣಿಸುವುದಿಲ್ಲವೆಂಬುದು ಬೇರೆ ಮಾತು.

೨೦೧೪ರ ಕಾನೂನು ಹೆಚ್ಚು ಸೂಕ್ಷ್ಮವಾದುದು. ಆಟಪಾಟಗಳಿಗೆ, ಗೆಳೆಯರ ಮನೆಗೆ ಕಳುಹಿಸುವ ವಿಚಾರವನ್ನು ಅದು ಸಾಕಿದವರ ವಿವೇಕಕ್ಕೇ ಬಿಟ್ಟಿತು. ಹದಿನಾಲ್ಕು ತುಂಬಿದ ಮಗುವಿಗೆ ಅದರ ಹಕ್ಕುಗಳನ್ನು ಬರೆದು ಕೊಟ್ಟು, ತಿಳಿಯಹೇಳಿ, ರುಜು ಪಡೆಯಬೇಕೆಂದಿತು. ಹದಿನೆಂಟಕ್ಕೆ ಹೊರಡುವವರ ಕೈಗೆ ಜನನ ಪತ್ರ, ಸಾಮಾಜಿಕ ಭದ್ರತೆಯ ಚೀಟಿ, ವೈದ್ಯಕೀಯ ದಾಖಲೆ, ಗುರುತಿನ ಚೀಟಿ ಇವುಗಳನ್ನು ಕೊಡಬೇಕೆಂದಿತು. ಅಲ್ಪವೆಂದು ತೋರಬಹುದು, ಆದರೆ ಹುಟ್ಟಿದ ದಿನವನ್ನೇ ರುಜುವಾತುಪಡಿಸಲಾರದವನಿಗೆ ಕೆಲಸ ಕೊಡುವವರು ಯಾರು?

ಇವೆಲ್ಲಕ್ಕಿಂತ ವಿಚಿತ್ರವಾದುದು ಸಾಲದ ವಿಷಯ. ಮನೆಯಿಂದ ಮನೆಗೆ ಹೋಗುವ ಮಗುವಿನ ಹೆಸರೂ ಭದ್ರತಾ ಸಂಖ್ಯೆಯೂ ಎಷ್ಟೋ ಕೈಗಳನ್ನು ಹಾಯ್ದಿರುತ್ತವೆ. ಅವುಗಳಲ್ಲಿ ಒಂದು ಕೈ ಕೆಟ್ಟದಾದರೂ ಸಾಕು, ಮಗುವಿನ ಹೆಸರಿನಲ್ಲಿ ಸಾಲವೆದ್ದಿತು. ಮಗುವಿಗೆ ಅದು ಗೊತ್ತಾಗುವುದು ಮುಂದೆಂದೋ ಬಾಡಿಗೆಗೆ ಕೋಣೆಯನ್ನು ಕೇಳಹೋದಾಗ. ಮನೆಯೊಡೆಯನು ಸಾಲದ ಚರಿತ್ರೆಯನ್ನು ತರಿಸಿ ನೋಡಿ ತಲೆಯಾಡಿಸುವನು. ಆದುದರಿಂದ ಹದಿನಾಲ್ಕು ತುಂಬಿದವರ ಸಾಲದ ವರದಿಯನ್ನು ಪ್ರತಿವರ್ಷವೂ ಧರ್ಮಾರ್ಥವಾಗಿ ತರಿಸಿಕೊಟ್ಟು, ತಪ್ಪಿದ್ದರೆ ತಿದ್ದಿಸಲು ನೆರವಾಗಬೇಕೆಂದು ವಿಧಿಸಿದೆ. ಒಂದು ಕಾಸನ್ನೂ ಕಡ ತಾರದ ಬಾಲಕನು ತಾನು ಋಣಮುಕ್ತನೆಂದು ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕಾಗಿದೆ!

ಮುಂದಿನ ಬಾಳಿನ ಯೋಜನೆಯನ್ನು ಮಾಡುವಾಗ, ಸಾಕಿದವರನ್ನೂ ಅಧಿಕಾರಿಯನ್ನೂ ಬಿಟ್ಟು, ತನಗೆ ಬೇಕಾದ ಇಬ್ಬರನ್ನು ಜೊತೆಗೆ ಕರೆದುಕೊಳ್ಳುವ ಹಕ್ಕೂ ಆ ಮಗುವಿಗುಂಟು. ಟೀಚರೊಬ್ಬರು, ಅಜ್ಜಿ, ಹಳೆಯ ನೆರೆಯವರು, ಯಾರಾದರೂ ಆಗಬಹುದು. ಆ ಇಬ್ಬರ ಹೆಸರನ್ನು ಹೇಳೆಂದಾಗ, ಬಹಳ ಹೊತ್ತು ಯೋಚಿಸಿಯೂ ಒಂದು ಹೆಸರೂ ಹೊಳೆಯದೆ ಕುಳಿತಿರುವ ಮಗುವಿಗೆ ಯಾವ ಕಲಮನ್ನು ಓದಿ ಹೇಳುವುದು?